ಮೂರನೆಯ ಹೆಸರು

ಕೆಮಿಸ್ಟ್ರಿಯಲ್ಲೇ ಮುಂದೆ ಓದುತ್ತೇನೆ ಅಂತ ಅವಳು ಮನೆಯಲ್ಲಿ ಹೇಳಿದ ದಿನ ಅಪ್ಪ ಕೇಳಿದ್ದು ಒಂದೇ ಮಾತು: "ಎಷ್ಟು ವರ್ಷ ಹಿಡಿಯುತ್ತೆ ಮರಿ?"

ಅಪ್ಪ ಸಿಟಿ ಬಸ್ಸು ಓಡಿಸುತ್ತಿದ್ದವರು. ಯಾವ ದಾರಿಗೇ ಆಗಲಿ, ಒಂದು ಕೊನೆಯ ಸ್ಟಾಪ್ ಇರಲೇಬೇಕು ಅನ್ನುವುದು ಅವರ ಲೆಕ್ಕ. "ಐದಾರು ವರ್ಷ ಅಪ್ಪ," ಅಂದಳು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ಅವಳಿಗೂ ಹಾಗೇ ಅನ್ನಿಸಿತ್ತು. ಆಗ ಅವಳಿಗೆ ಇಪ್ಪತ್ತೊಂದು. ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಅಂತ ಅವಳ ಹೆಸರಿನ ಬೋರ್ಡು ಬಾಗಿಲ ಮೇಲೆ ಬರುವ ಹೊತ್ತಿಗೆ ಐವತ್ತು ದಾಟಿತ್ತು, ಅಪ್ಪ ಹೋಗಿ ಬಹಳ ಕಾಲವಾಗಿತ್ತು.

ಹಾಗಂತ ಚಿಕ್ಕಂದಿನಿಂದ ಕಂಡ ಕನಸೂ ಅಲ್ಲ ಅದು. ಮನೆಯಲ್ಲಿ ಇದ್ದದ್ದು ಎರಡು ಕೋಣೆ, ತುಂಬ ಜನ, ದಿನವಿಡೀ ಹಾಡುವ ಒಂದು ರೇಡಿಯೊ. ಕಾಲೇಜಿನ ಲ್ಯಾಬಿನಲ್ಲಿ ಟೈಟ್ರೇಶನ್ ಮಾಡುವಾಗ ಮಾತ್ರ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಬೀಳುವುದನ್ನು ನೋಡುತ್ತ, ಬಣ್ಣ ತಿರುಗುವ ಆ ಒಂದು ಹನಿಗಾಗಿ ಉಸಿರು ಬಿಗಿಹಿಡಿದು ನಿಲ್ಲುವ ಆ ಮಧ್ಯಾಹ್ನಗಳು ಅವಳೊಬ್ಬಳವು. ಅಷ್ಟೇ ಕಾರಣ. ಎಂ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ಬಂದವು. "ಸ್ಕೂಲ್ ಟೀಚರ್ ಆಗು, ಸಂಜೆ ಬೆಳಕಿರೋವಾಗಲೇ ಮನೆಗೆ ಬರಬಹುದು," ಅಂದರು ದೊಡ್ಡಮ್ಮ. ದೊಡ್ಡಮ್ಮ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ ಅಂತ ಅವಳಿಗೆ ಆಮೇಲೆ ಎಷ್ಟೋ ಸಂಜೆ ಅನ್ನಿಸಿದ್ದುಂಟು.

ಪಿಎಚ್.ಡಿ.ಗೆ ಸೇರಿದ ಲ್ಯಾಬಿನಲ್ಲಿ ಗೈಡನ್ನು ಎಲ್ಲರೂ ಬೆನ್ನ ಹಿಂದೆ 'ದೊಡ್ಡವರು' ಅನ್ನುತ್ತಿದ್ದರು. ಆಳು ಕುಳ್ಳಗೆ, ಮಾತು ಮೆತ್ತಗೆ. ಆದರೆ ಅವರು ಕಾರಿಡಾರಿನಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಹರಟುತ್ತಿದ್ದವರೆಲ್ಲ ಕೈಗೆ ಸಿಕ್ಕ ಫ್ಲಾಸ್ಕು ಹಿಡಿದು ಅಲ್ಲಾಡಿಸುತ್ತಿದ್ದರು, ಅದು ಖಾಲಿಯಿದ್ದರೂ ಸರಿ. ಅವಳಿಗಿಂತ ಮೊದಲೇ ಸೇರಿದ್ದ ಸೀನಿಯರ್ ಒಬ್ಬನಿಗೆ 'ಚಿನ್ನದ ಕೈ' ಅಂತ ಅಡ್ಡಹೆಸರು. ಬೇರೆಯವರ ಫ್ಲಾಸ್ಕಿನಲ್ಲಿ ಟಾರಿನಂಥ ಅಂಟು ಉಳಿದರೆ ಇವನ ಫ್ಲಾಸ್ಕಿನಲ್ಲಿ ಬೆಳ್ಳಗಿನ ಹರಳು ಕೂರುತ್ತಿತ್ತು. ಉಂಗುರದಂತಿರುವ ಎರಡು ಅಣುಗಳನ್ನು ಒಂದಕ್ಕೊಂದು ಜೋಡಿಸುವ ಸುಲಭದ ದಾರಿಯೊಂದನ್ನು ಅವನು ಕಂಡುಹಿಡಿದು ಪ್ರಕಟಿಸಿದ್ದ. ಎರಡನ್ನೂ ಸೇರಿಸಿ, ಕ್ಷಾರದ ಪುಡಿ ಹಾಕಿ ಕಾಯಿಸಿದರೆ ಆಯಿತು, ಅಷ್ಟೇ. ಅವಳ ಕೆಲಸ ಅಲ್ಲಿಂದ ಮುಂದಿನದು. ಅವನು ಕಟ್ಟಿದ ಮಹಡಿಯ ಮೇಲೆ ಅವಳು ಇನ್ನೊಂದು ಮಹಡಿ ಕಟ್ಟಬೇಕು.

ಕೆಳಗಿನ ಮಹಡಿಯೇ ನಿಲ್ಲಲಿಲ್ಲ. ಅವನು ಬರೆದಂತೆ ತೂಗಿದಳು, ಅವನು ಬರೆದಂತೆ ಕಾಯಿಸಿದಳು, ಏನೂ ಆಗಲಿಲ್ಲ. ಹಾಕಿದ್ದು ಹಾಕಿದ ಹಾಗೇ ವಾಪಸ್ಸು ಬಂತು. ದ್ರಾವಕವನ್ನು ಇನ್ನೊಮ್ಮೆ ಒಣಗಿಸಿ ಮಾಡಿದಳು, ಉರಿ ಏರಿಸಿ ಮಾಡಿದಳು, ಇಳಿಸಿ ಮಾಡಿದಳು. ಚಿನ್ನದ ಕೈಯನ್ನು ಕೇಳಿದರೆ ಅವನು ಥೀಸಿಸ್ ಬರೆಯುವ ಗಡಿಬಿಡಿಯಲ್ಲೇ ತಲೆಯೆತ್ತಿ, "ನನಗೆ ಬಂತಲ್ಲ," ಅಂದ. ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಬಂದಿತ್ತು. ದೊಡ್ಡವರು ಅವಳ ಖಾಲಿ ಫಲಿತಾಂಶ ನೋಡಿ, "ಕೆಲವರ ಕೈಗುಣ ಹಾಗೆ ಇರುತ್ತಮ್ಮ. ಇನ್ನೂ ಸ್ವಲ್ಪ ಶ್ರದ್ಧೆ ಬೇಕು," ಅಂದರು. ಅವಳು ಮತ್ತೆ ತೂಗಿದಳು, ಮತ್ತೆ ಕಾಯಿಸಿದಳು. ಹೀಗೆಯೇ ಒಂದು ವರ್ಷ ಕಳೆಯಿತು.

ಆ ವರ್ಷದ ನಡುವೆಯೇ ಅವಳ ಮದುವೆಯಾಯಿತು. ಗಂಡನದು ಬಸ್ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿ. ಮಾತು ಕಡಿಮೆ, ಮುಂಜಾನೆ ಬಾಗಿಲು ತೆಗೆದರೆ ಊರು ಮಲಗುವವರೆಗೂ ಕೌಂಟರಿನ ಹಿಂದೆ ನಿಂತಿರುವ ಮನುಷ್ಯ. ಮನೆಯಲ್ಲಿ ಮಾತಿನ ಪಾಲೆಲ್ಲ ಅತ್ತೆಯದು. ಅತ್ತೆ ಗಂಡನನ್ನು ಬೇಗ ಕಳೆದುಕೊಂಡು, ಮಗನನ್ನು ಒಬ್ಬರೇ ಬೆಳೆಸಿದವರು. ನಾಲಿಗೆ ಚೂಪು, ಕೈ ದೊಡ್ಡದು. ಸೊಸೆಯನ್ನು ಅವರು ಕರೆದದ್ದು ಮೊದಲ ದಿನದಿಂದಲೂ 'ಹುಡುಗಿ' ಅಂತಲೇ.

"ಓದ್ತಾ ಇದೀನಿ ಅಂತೀಯ, ಪುಸ್ತಕ ಹಿಡಿದಿದ್ದು ನಾನು ನೋಡೇ ಇಲ್ಲ," ಅಂದರು ಒಂದು ದಿನ. "ದಿನಾ ಬಂದು ಬರೀ ಪಾತ್ರೆ ತೊಳೆದ ಕತೆ ಹೇಳ್ತೀಯ."

"ಅಲ್ಲಿ ಮುಕ್ಕಾಲು ಪಾಲು ಪಾತ್ರೆ ತೊಳೆಯೋದೇ ಅತ್ತೆ. ಗಾಜಿನ ಪಾತ್ರೆ."

ಅತ್ತೆ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದರು. ದ್ರಾವಕ ತಾಗಿ ತಾಗಿ ಬೆರಳ ತುದಿಯ ಚರ್ಮ ಬಿಳಿಚಿ ಸುಲಿದಿತ್ತು. "ಹಾಗಾದ್ರೆ ಮನೇದು ನಾನು ತೊಳೀತೀನಿ ಬಿಡು," ಅಂದರು. "ಎರಡೂ ಕಡೆ ಯಾಕೆ." ಆ ಮಾತಿಗೆ ಅವರು ಕೊನೆಯವರೆಗೂ ತಪ್ಪಲಿಲ್ಲ. ಅದರ ಬಗ್ಗೆ ಗೊಣಗುವುದನ್ನೂ ಬಿಡಲಿಲ್ಲ.

ಗಂಟು ಬಿಚ್ಚಿಕೊಂಡಿದ್ದು ಲ್ಯಾಬಿನ ಹಿಂದಿನ ಸ್ಟೋರ್ ರೂಮಿನಲ್ಲಿ. ಮಾಡಬಹುದಾದ್ದನ್ನೆಲ್ಲ ಮಾಡಿ ಮುಗಿಸಿ, ಬಿಟ್ಟುಬಿಡೋಣ ಅನ್ನಿಸಿದ್ದ ಒಂದು ಮಧ್ಯಾಹ್ನ ಅವಳು ಸುಮ್ಮನೆ ಕೂತು ಯೋಚಿಸಿದಳು. ಅವನೂ ತಾನೂ ಬಳಸಿದ್ದರಲ್ಲಿ ಎಲ್ಲವೂ ಒಂದೇ, ಕ್ಷಾರದ ಪುಡಿಯ ಬಾಟಲಿ ಮಾತ್ರ ಬೇರೆ. ಅವನ ಕಾಲದ ಹಳೆಯ ಬಾಟಲಿ ಮುಗಿದು, ಅವಳ ಕಾಲಕ್ಕೆ ಹೊಸದು ಬಂದಿತ್ತು. ಪುಡಿಯ ಹೆಸರು ಅದೇ, ಚೀಟಿಯೂ ಅದೇ ಅಂತ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಸ್ಟೋರ್ ರೂಮಿನ ಮೂಲೆಯಲ್ಲಿ ಖಾಲಿ ಬಾಟಲಿಗಳ ರಾಶಿಯಲ್ಲಿ ಆ ಹಳೆಯದು ಸಿಕ್ಕಿತು. ತಳದಲ್ಲಿ ಒಂದಿಷ್ಟು ಪುಡಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಕೆರೆದು ತೆಗೆದು, ಅದನ್ನೇ ಹಾಕಿ ಕಾಯಿಸಿದಳು. ಫ್ಲಾಸ್ಕಿನಲ್ಲಿ ಬೆಳ್ಳಗಿನ ಹರಳು ಕೂತಿತು.

ಪರೀಕ್ಷೆ ಮಾಡಿಸಿದಾಗ ಆ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ತಾಮ್ರ ಇತ್ತು. ಯಾರೋ ಯಾವತ್ತೋ ತಾಮ್ರದ ಉಪ್ಪು ಮೆತ್ತಿದ್ದ ಚಮಚವನ್ನು ಅದರೊಳಗೆ ಅದ್ದಿದ್ದಿರಬೇಕು. ಇಷ್ಟು ದಿನ ಎರಡು ಉಂಗುರಗಳನ್ನು ಜೋಡಿಸುತ್ತಿದ್ದುದು ಕ್ಷಾರವಲ್ಲ, ಆ ಚಿಟಿಕೆ ತಾಮ್ರ. ಹೊಸ ಬಾಟಲಿಯ ಪುಡಿಗೆ ಅವಳೇ ಬೇಕೆಂದು ತಾಮ್ರ ಬೆರೆಸಿ ದೊಡ್ಡವರ ಕಣ್ಣೆದುರಿಗೇ ಮಾಡಿ ತೋರಿಸಿದಳು. ಲ್ಯಾಬಿನ ಹುಡುಗರು ಬಿದ್ದು ಬಿದ್ದು ನಕ್ಕರು. ಚಿನ್ನದ್ದು ಅಂದುಕೊಂಡ ಕೈ ತಾಮ್ರದ್ದಾಗಿತ್ತಲ್ಲ ಅಂತ.

ದೊಡ್ಡವರು ನಗಲಿಲ್ಲ, ಬೈಯಲೂ ಇಲ್ಲ. ಎರಡು ದಿನ ಬಿಟ್ಟು ಅವಳನ್ನು ತಮ್ಮ ರೂಮಿಗೆ ಕರೆದರು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. "ಒಳ್ಳೆ ಕೆಲಸ. ಇದನ್ನ ಹೊಸ ಲೇಖನ ಮಾಡಿ ಕಳಿಸೋಣ. ಮೊದಲಿನದು ತಪ್ಪು ಅಂತ ಹೇಳೋದು ಬೇಡ, ಅದರ ಮುಂದಿನ ಹೆಜ್ಜೆ ಅಂತ ಹೇಳೋಣ. ಅವನ ಹೆಸರು ಮೊದಲು ಇರಲಿ, ಆಮೇಲೆ ನನ್ನದು, ಆಮೇಲೆ ನಿನ್ನದು."

ಅವಳು ಕೈಯಲ್ಲಿದ್ದ ನೋಟ್‌ಬುಕ್ ಮುಚ್ಚಿದಳು.

"ಅವನು ಹೊರದೇಶದಲ್ಲಿ ಕೆಲಸ ಹುಡುಕ್ತಿದಾನೆ, ಈ ಹೊತ್ತಲ್ಲಿ ಹೆಸರು ಕೆಡಬಾರದು. ನಿನಗೇನಮ್ಮ, ಅಂಥ ಅವಸರ ಇಲ್ಲ. ಮದುವೆ ಆಗಿದೆ."

"ಸರಿ ಸರ್," ಅಂದಳು.

ಆ ಎರಡು ಪದಕ್ಕೆ ಎಷ್ಟು ಆಯುಸ್ಸು ಅಂತ ಆಗ ಗೊತ್ತಿರಲಿಲ್ಲ. ಚಿನ್ನದ ಕೈ ವಿಮಾನ ಹತ್ತಿದವನು ಮತ್ತೆ ಬರಲಿಲ್ಲ. ಕೆಲವು ವರ್ಷದಲ್ಲಿ ಕೆಮಿಸ್ಟ್ರಿಯನ್ನೇ ಬಿಟ್ಟು ಏನೋ ವ್ಯಾಪಾರಕ್ಕೆ ಇಳಿದನಂತೆ. ಲೇಖನ ಮಾತ್ರ ಉಳಿಯಿತು, ಓದುವವರೂ ಹೆಚ್ಚುತ್ತಾ ಹೋದರು. ಆ ತಾಮ್ರದ ವಿಧಾನವನ್ನು ಬಳಸಿದವರೆಲ್ಲ ಅದನ್ನು ಅವನ ಹೆಸರಿನಿಂದಲೇ ಕರೆದರು.

ಅವಳಿಗೂ ಡಿಗ್ರಿ ಬಂತು. ಡಾಕ್ಟರ್ ಆದಳು ಅನ್ನುವ ಸುದ್ದಿ ನೆಂಟರಲ್ಲಿ ಹರಡಿದ್ದೇ ದೊಡ್ಡಮ್ಮ ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಬಂದರು. "ನಾನು ಆ ಡಾಕ್ಟರ್ ಅಲ್ಲ ದೊಡ್ಡಮ್ಮ," ಅಂದರೆ, "ಮತ್ತೆ ಅಷ್ಟು ವರ್ಷ ಏನು ಓದಿದೆ?" ಅಂದರು. ಕೊನೆಗೆ ಅತ್ತೆಯೇ ನಡುವೆ ಬಂದು, "ಮಾತ್ರೆ ಮಾಡೋಳು ಇವಳು, ಮಾರೋನು ನನ್ನ ಮಗ. ನಿಮಗೆ ಬೇಕಾದ್ದು ಅಂಗಡೀಲಿ ಸಿಗುತ್ತೆ," ಅಂತ ಕಳಿಸಿಕೊಟ್ಟರು.

ಯೂನಿವರ್ಸಿಟಿಯಲ್ಲಿ ಕಾಯಂ ಕೆಲಸ ಇರಲಿಲ್ಲ. ಅತಿಥಿ ಉಪನ್ಯಾಸಕಿ ಅಂತ ಸೇರಿದಳು. ಅತಿಥಿ ಅನ್ನುವ ಮಾತಿಗೆ ಅತ್ತೆಯಷ್ಟು ನಕ್ಕವರಿಲ್ಲ. "ವರ್ಷಾನುಗಟ್ಟಲೆ ಇರೋ ಅತಿಥಿನ ನಾನು ಎಲ್ಲೂ ನೋಡಿಲ್ಲ. ನಮ್ಮನೆಗೆ ಅಂಥೋರು ಬಂದಿದ್ರೆ ಊರು ಬಿಡ್ತಿದ್ದೆ." ಅವಳಿಗೆ ಕೊಟ್ಟದ್ದು ಯಾರಿಗೂ ಬೇಡವಾದ ಪಾಠಗಳು. ಊಟವಾದ ಮೇಲಿನ ತೂಕಡಿಕೆಯ ಹೊತ್ತಿನ ತರಗತಿ, ಮೊದಲ ವರ್ಷದವರ ಪ್ರಾಕ್ಟಿಕಲ್. ಬೀಕರುಗಳ ನಡುವೆ ದಿನಕ್ಕೊಬ್ಬ ಹುಡುಗನ ಅಂಗಿಗೆ ಆಸಿಡ್ ತಾಗುತ್ತಿತ್ತು, ದಿನಕ್ಕೊಬ್ಬಳು ಹುಡುಗಿ ಪಿಪೆಟ್ ಒಡೆಯುತ್ತಿದ್ದಳು. ನಿಂತು ನಿಂತು ಅವಳ ಕಾಲಿನ ನರ ಹಗ್ಗದಂತೆ ಉಬ್ಬಿದವು. ಸ್ಟಾಫ್ ರೂಮಿನಲ್ಲಿ ಅತಿಥಿಗಳಿಗೆ ಅಂತ ಕುರ್ಚಿ ಇರಲಿಲ್ಲ, ಯಾರಾದರೂ ತರಗತಿಗೆ ಹೋದಾಗ ಅವರ ಕುರ್ಚಿಯಲ್ಲಿ ಕೂರಬೇಕು. ಮಗಳು ಹುಟ್ಟಿದಳು. ಮಗಳನ್ನು ಬೆಳೆಸಿದ್ದು ಅತ್ತೆ. ಅಮ್ಮ ಬರುವುದು ನೋಡದೆಯೇ ಮಗುವಿಗೆ ಗೊತ್ತಾಗುತ್ತಿತ್ತು, ಅವಳ ಬಟ್ಟೆಯಿಂದ ಬರುವ ಸ್ಪಿರಿಟ್ ವಾಸನೆಯಿಂದ.

ಮೊದಲ ಇಂಟರ್ವ್ಯೂ ಬಂದಾಗ ಅಂಗಡಿ ಬಿಟ್ಟು ಗಂಡ ಬರುವ ಹಾಗಿರಲಿಲ್ಲ. ಅತ್ತೆ ತಾವೇ ಹೊರಟರು. ಬುತ್ತಿ, ನೀರಿನ ಬಾಟಲಿ, ಒಂದು ಹೆಣಿಗೆಯ ಚೀಲ. ಆಡಳಿತ ಕಚೇರಿಯ ಉದ್ದದ ಕಾರಿಡಾರಿನಲ್ಲಿ ಗೋಡೆಗೆ ಒರಗಿಸಿದ ಮರದ ಬೆಂಚು. ಸಂಜೆಯೊಳಗೆ ಅತ್ತೆ ಆ ಬೆಂಚಿನ ಮೇಲಿದ್ದ ಪ್ರತಿಯೊಬ್ಬರ ಊರು, ಮನೆ, ಸಕ್ಕರೆ ಕಾಯಿಲೆ ಎಲ್ಲ ತಿಳಿದುಕೊಂಡಿದ್ದರು. ತಲೆಸುತ್ತು ಬಂದು ಕೂತ ಇನ್ನೊಬ್ಬ ಅಭ್ಯರ್ಥಿಗೆ ಸೊಸೆಯ ಬುತ್ತಿಯನ್ನೇ ತಿನ್ನಿಸಿದರು. ಆ ಕೆಲಸ ಆತನಿಗೇ ಸಿಕ್ಕಿತು. "ಹೊಟ್ಟೆ ತುಂಬಿದೋನಿಗೆ ಉತ್ತರ ಚೆನ್ನಾಗಿ ಹೊಳೆದಿರಬೇಕು," ಅಂದರು ಅತ್ತೆ, ವಾಪಸ್ಸು ಬರುವ ಬಸ್ಸಿನಲ್ಲಿ. ಆಮೇಲೆ ಮೆಲ್ಲಗೆ ಕೇಳಿದರು, "ಒಳಗೆ ಏನು ಕೇಳಿದ್ರು?"

"ನನ್ನ ಒಳ್ಳೆ ಲೇಖನ ಅಂದ್ರೆ ಆ ತಾಮ್ರದ್ದೊಂದೇ. 'ಇದರಲ್ಲಿ ನಿಮ್ಮ ಹೆಸರು ಮೂರನೇದಿದೆಯಲ್ಲ, ನಿಮ್ಮ ಕೆಲಸ ಏನು' ಅಂತ ಕೇಳಿದ್ರು."

"ನೀನೇನು ಅಂದೆ?"

"ಎಲ್ಲರೂ ಸೇರಿ ಮಾಡಿದ್ವಿ ಅಂದೆ."

ಅತ್ತೆ ಕಿಟಕಿಯಾಚೆ ನೋಡುತ್ತ ಕೂತರು. "ಎಲ್ಲರೂ ಸೇರಿ ಮಾಡಿದ ಅಡಿಗೇಲಿ ಉಪ್ಪು ಹಾಕಿದ್ದು ಯಾರು ಅಂತ ಯಾರೂ ಕೇಳಲ್ಲ ಬಿಡು," ಅಂದರು.

ಎರಡನೆಯ ಸಲ ಇಂಟರ್ವ್ಯೂ ಆಯಿತು, ಆದರೆ ಯಾರೋ ಕೋರ್ಟಿಗೆ ಹೋದರು, ಆಯ್ಕೆಯೇ ರದ್ದಾಯಿತು. ಇನ್ನೊಂದು ಸಲ ಬೆಳಗಿನಿಂದ ಕೂರಿಸಿ ಸಂಜೆ ಮುಂದೂಡಿದರು. ಪ್ರತಿ ಸಲವೂ ಅದೇ ಪ್ರಶ್ನೆ ಬರುತ್ತಿತ್ತು, ಪ್ರತಿ ಸಲವೂ ಅವಳು ಅದೇ ಉತ್ತರ ಕೊಟ್ಟಳು. ದೊಡ್ಡವರು ಇನ್ನೂ ಬದುಕಿದ್ದರು, ದಾರಿಯಲ್ಲಿ ಸಿಕ್ಕರೆ ಮಗಳ ಓದು ವಿಚಾರಿಸುತ್ತಿದ್ದರು. ಅವರ ಬೆನ್ನ ಹಿಂದೆ ಮಾತಾಡಲು ಅವಳಿಗೆ ಬಾಯಿ ಬರಲಿಲ್ಲ. ಅದನ್ನು ಅವಳು ವಿನಯ ಅಂದುಕೊಂಡಿದ್ದಳು.

ಕೊನೆಗೆ ಕಾಯಂ ಕೆಲಸ ಸಿಕ್ಕಿದ್ದೂ ಎದೆಯುಬ್ಬಿಸಿ ಹೇಳಿಕೊಳ್ಳುವಂತೆ ಅಲ್ಲ. ಆಯ್ಕೆಯಾದವನಿಗೆ ಬೇರೆ ಕಡೆ ಇನ್ನೂ ಒಳ್ಳೆಯದು ಸಿಕ್ಕಿ ಅವನು ಬರಲಿಲ್ಲ. ಪಟ್ಟಿಯಲ್ಲಿ ಅವನ ನಂತರ ಇವಳಿದ್ದಳು. ನಲವತ್ತು ದಾಟಿದ ಮೇಲೆ, ತನ್ನ ಶಿಷ್ಯರ ವಯಸ್ಸಿನವರ ಜೊತೆ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಸೇರಿದಳು. ಆ ದಿನ ಗಂಡ ಅಂಗಡಿ ಬೇಗ ಮುಚ್ಚಿ ಬಂದ. ಅದೊಂದೇ ಸಂಭ್ರಮ.

ಅಲ್ಲಿಂದ ಮುಂದೆ ಎಲ್ಲ ಕಡೆ ನಡೆಯುವಂಥದ್ದೇ. ತನ್ನದೇ ಲ್ಯಾಬು ಅಂತ ಒಂದು ಕೋಣೆ ಸಿಕ್ಕಿತು, ಅದರಲ್ಲಿ ಫ್ಯೂಮ್ ಹುಡ್ಡಿನ ಫ್ಯಾನು ಕೆಟ್ಟಿತ್ತು. ಹೊಗೆ ಎಳೆದು ಹೊರಹಾಕಬೇಕಾದ ಆ ಪೆಟ್ಟಿಗೆಯ ರಿಪೇರಿಗೆ ಕಚೇರಿಯಿಂದ ಕಚೇರಿಗೆ ಅಲೆದು ಅಲೆದು ಒಂದು ವರ್ಷ ಹೋಯಿತು. ಉಪಕರಣ ಬಂದರೆ ಅದನ್ನು ನಡೆಸುವ ಗ್ಯಾಸ್ ಸಿಲಿಂಡರ್ ಬರುತ್ತಿರಲಿಲ್ಲ, ಸಿಲಿಂಡರ್ ಬಂದಾಗ ಕರೆಂಟು ಇರುತ್ತಿರಲಿಲ್ಲ. ಕೈಕೆಳಗೆ ಬಂದ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬಳು ಅರ್ಧದಲ್ಲಿ ಬಿಟ್ಟಳು, ಇನ್ನಿಬ್ಬರು ಮುಗಿಸಿದರು. ಸಣ್ಣ ಸಣ್ಣ ಲೇಖನಗಳು ಬಂದವು. ಮಗಳು ಕೆಮಿಸ್ಟ್ರಿಯ ಗೊಡವೆಯೇ ಬೇಡ ಅಂತ ಕಟ್ಟಡಗಳ ನಕ್ಷೆ ಬಿಡಿಸುವುದನ್ನು ಕಲಿತು ಬೇರೆ ಊರಿಗೆ ಹೋದಳು. ದೊಡ್ಡವರು ಒಂದು ದಿನ ನಿದ್ದೆಯಲ್ಲೇ ಹೋದರು. ಅವಳು ಹೋಗಿ ಮುಖ ನೋಡಿ ಬಂದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಪ್ರೊಫೆಸರ್ ಹುದ್ದೆಗೆ ಇಂಟರ್ವ್ಯೂ ಬಂದಾಗ ಅವಳಿಗೆ ಹೋಗುವ ಮನಸ್ಸೇ ಇರಲಿಲ್ಲ. ಅರ್ಜಿ ಹಾಕಿಸಿದ್ದು ಅತ್ತೆ. "ಮೆಟ್ಟಿಲು ಹತ್ತಿದ್ದು ಮುಗೀತು, ಇನ್ನು ಹೊಸ್ತಿಲು ದಾಟೋಕೆ ಏನು ದಾಡಿ?" ಆಗ ಅತ್ತೆಗೆ ಎಂಬತ್ತರ ಹತ್ತಿರ. ಆದರೂ ತಾವೂ ಬರುವವರೇ ಅಂತ ಚೀಲ ಹೊಂದಿಸಿ ಇಟ್ಟಿದ್ದರು. ಹಿಂದಿನ ದಿನ ಸಂಜೆ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು.

ಬೆಳಗ್ಗೆ ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತಿದ್ದ ಸೊಸೆಯನ್ನು ನೋಡಿ ಅತ್ತೆ, "ಹುಡುಗಿ, ಇನ್ನೂ ಇಲ್ಲೇ ಇದೀಯಾ?" ಅಂದರು. ನೋವಿಗೆ ಕೊಟ್ಟ ಇಂಜೆಕ್ಷನ್ನಿನ ಮಂಪರಿನಲ್ಲಿ ಮಾತು ತೊದಲುತ್ತಿತ್ತು. "ಆಪರೇಶನ್ ಮಾಡೋದು ಡಾಕ್ಟ್ರು. ನೀನು ಆ ಡಾಕ್ಟರ್ ಅಲ್ವಲ್ಲ. ಹೋಗು."

ಗಂಡ, "ನಾನಿದೀನಿ, ನೀನು ಹೋಗಿ ಬಾ," ಅಂದ. ಹಿಂದಿನ ದಿನದ ಬಟ್ಟೆಯಲ್ಲೇ ಹೋದಳು. ಬೆಂಚಿನ ಮೇಲೆ ಒಬ್ಬಳೇ ಕೂತಳು. ಪಕ್ಕದಲ್ಲಿ ಮಾತಾಡುವವರಿಲ್ಲದೆ ಕಾರಿಡಾರು ಬಿಕೋ ಅನ್ನುತ್ತಿತ್ತು. ಒಳಗೆ ಕರೆದಾಗ ಅವಳ ತಲೆಯಲ್ಲಿ ಇದ್ದದ್ದು ಒಂದೇ, ಬೇಗ ಮುಗಿದರೆ ಮಧ್ಯಾಹ್ನದ ಬಸ್ಸು ಸಿಗುತ್ತದೆ.

ಮೇಜಿನ ಆಚೆ ಐದಾರು ಜನ. ಬೇರೆ ಊರಿನಿಂದ ಬಂದಿದ್ದ ತಲೆ ನರೆತ ತಜ್ಞರೊಬ್ಬರು ಕಾಗದ ತಿರುವುತ್ತ ಆ ಹಳೆಯ ಲೇಖನದ ಹತ್ತಿರ ನಿಂತರು. "ಇದು ನನಗೆ ಚೆನ್ನಾಗಿ ಗೊತ್ತಿರೋ ಕೆಲಸ. ಇದರಲ್ಲಿ ನಿಮ್ಮ ಹೆಸರು ಮೂರನೇದು. ನಿಮ್ಮ ಪಾಲು ಏನು?"

ವಿನಯಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು. ಅವತ್ತು ಅವಳಲ್ಲಿ ಅದು ಇರಲಿಲ್ಲ.

"ತಾಮ್ರ ಇದೆ ಅಂತ ಕಂಡುಹಿಡಿದಿದ್ದು ನಾನು," ಅಂದಳು. "ಬೇರೆ ಯಾರೂ ಅಲ್ಲ."

ಯೂನಿವರ್ಸಿಟಿಯ ಅಧಿಕಾರಿಯೊಬ್ಬರು ಕುರ್ಚಿಯಲ್ಲಿ ಮಿಸುಕಾಡಿ, "ಮೊದಲ ಹೆಸರಿನವರು ಹಾಗೆ ಹೇಳಲ್ಲವೇನೋ," ಅಂದರು.

"ಅವರನ್ನೇ ಕೇಳಬಹುದು. ಪುಡಿ ಎಷ್ಟು ಗಟ್ಟಿಯಾಗಿತ್ತು, ಯಾವುದರಿಂದ ಕೆರೆದೆ, ಮೊದಲ ಹರಳು ಎಷ್ಟು ಹೊತ್ತಿಗೆ ಬಂತು, ಅವರಿಗೆ ಗೊತ್ತಿರಲ್ಲ. ನನಗೆ ಗೊತ್ತು." ದನಿ ಏರಿಸದೆ, ಪ್ರಾಕ್ಟಿಕಲ್ ತರಗತಿಯಲ್ಲಿ ಹೇಳುವಂತೆ, ಹಳೆಯ ಬಾಟಲಿಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ಗೋಡೆಯ ಗಡಿಯಾರ ನೋಡಿದಳು.

ನರೆತ ತಲೆಯ ತಜ್ಞರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಮೊದಲಿನ ಲೇಖನ ನಂಬಿಕೊಂಡು ನಾನೂ ಒಂದೂವರೆ ವರ್ಷ ಹಾಳು ಮಾಡ್ಕೊಂಡಿದ್ದೆ," ಅಂದರು. "ನಮ್ಮ ಗೈಡು ನನ್ನ ಕೈ ಸರಿ ಇಲ್ಲ ಅಂದಿದ್ರು. ಈ ಎರಡನೇದು ಬಂದ ಮೇಲೇ ನನಗೆ ಡಿಗ್ರಿ ಸಿಕ್ಕಿದ್ದು." ಮತ್ತೆ ಯಾರೂ ಹೆಚ್ಚೇನೂ ಕೇಳಲಿಲ್ಲ. ಮಧ್ಯಾಹ್ನದ ಬಸ್ಸು ಸಿಕ್ಕಿತು.

ತಿಂಗಳೊಳಗೆ ಆದೇಶ ಬಂತು. ಆ ಹೊತ್ತಿಗೆ ಅತ್ತೆಯ ಸೊಂಟ ಕೂಡಿಕೊಳ್ಳುತ್ತಿತ್ತು, ಆದರೆ ಆಪರೇಶನ್ ಆದ ದಿನದಿಂದ ನೆನಪು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಸುದ್ದಿ ಹೇಳಿದಾಗ ಸೊಸೆಯ ಕೆನ್ನೆ ಸವರಿ, ಬಹಳ ಹೊತ್ತು ಕಣ್ಣೊರೆಸಿಕೊಂಡರು. ಮರುದಿನ ಬೆಳಗ್ಗೆ, "ಇಂಟರ್ವ್ಯೂ ಯಾವತ್ತು ಹುಡುಗಿ?" ಅಂದರು.

ಮೊದಮೊದಲು ಅವಳು ದಿನವೂ ಹೊಸದಾಗಿ ಹೇಳಿದಳು. ಅತ್ತೆಯೂ ದಿನವೂ ಹೊಸದಾಗಿ ಕಣ್ಣೊರೆಸಿಕೊಂಡರು. ಕೆಲವು ತಿಂಗಳು ಕಳೆದ ಮೇಲೆ ಅವಳಿಗೆ ಅಷ್ಟು ಸಂತೋಷವನ್ನು ದಿನಾ ಬೆಳಗ್ಗೆ ಎದುರಿಸುವುದು ಆಗಲಿಲ್ಲ. "ಇನ್ನೂ ತಿಳಿಸಿಲ್ಲ ಅತ್ತೆ," ಅನ್ನಲು ಶುರು ಮಾಡಿದಳು.

ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಬಾರದ ಒಂದು ದಿನ ಅತ್ತೆಯನ್ನು ಯೂನಿವರ್ಸಿಟಿಗೇ ಕರೆದುಕೊಂಡು ಹೋಗಬೇಕಾಯಿತು. ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಗಳಿಗೆ ಕೈಗೆ ಸಿಕ್ಕ ಮಾತ್ರೆ ಹಂಚುತ್ತಾರೆ ಅಂತ ಗಂಡನಿಗೆ ಭಯ. ತನ್ನ ರೂಮಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಅವಳು ಉತ್ತರ ಪತ್ರಿಕೆ ತಿದ್ದುತ್ತ ಕೂತಳು. ಒಂದು ಗಳಿಗೆ ಕಣ್ಣು ತಪ್ಪಿದ್ದೇ ತಡ, ಅತ್ತೆ ಕೋಲೂರಿಕೊಂಡು ಹೊರಗೆ ಹೋಗಿ, ಅಂಕಪಟ್ಟಿಗೆ ಕಾಯುತ್ತಿದ್ದ ವಿದ್ಯಾರ್ಥಿಗಳ ನಡುವೆ ಬೆಂಚಿನ ಮೇಲೆ ಸೇರಿಕೊಂಡಿದ್ದರು.

"ನಿಮ್ಮದೂ ಇಂಟರ್ವ್ಯೂನಾ?" ಅಂತ ಒಬ್ಬ ಹುಡುಗನನ್ನು ಕೇಳಿದರು.

ಹುಡುಗ ತಬ್ಬಿಬ್ಬಾಗಿ ಬಾಗಿಲಲ್ಲಿ ನಿಂತಿದ್ದ ಮೇಡಂ ಮುಖ ನೋಡಿದ. ಅವಳು ಸುಮ್ಮನೆ ತಲೆಯಾಡಿಸಿದಳು. "ಹೌದು ಅಜ್ಜಿ," ಅಂದ.

"ಹೊಟ್ಟೆಗೆ ಏನಾದ್ರೂ ತಿಂದ್ಯಾ? ನಮ್ಮ ಹುಡುಗೀದೂ ಇವತ್ತೇ. ಒಳಗೆ ಹೋಗಿದಾಳೆ." ಸ್ವಲ್ಪ ತಡೆದು, ಗುಟ್ಟು ಹೇಳುವಂತೆ ಬಗ್ಗಿ ಹೇಳಿದರು, "ಬುದ್ಧಿವಂತೆ. ಆದ್ರೆ ತನ್ನದು ತನ್ನದು ಅಂತ ಹೇಳ್ಕೊಳ್ಳೋಕೆ ಬರಲ್ಲ. ಏನು ಮಾಡೋದು."

ಅವಳು ಹೋಗಿ ಅತ್ತೆಯ ಪಕ್ಕ ಕೂತಳು. ತಿದ್ದಬೇಕಾದ ಪತ್ರಿಕೆಗಳು ಹಾಗೇ ಉಳಿದವು. ಅತ್ತೆ ಅವಳನ್ನು ಗುರುತು ಹಿಡಿದಂತೆಯೂ ಹಿಡಿಯದಂತೆಯೂ ನೋಡಿ, ಸರಿದು ಜಾಗ ಮಾಡಿಕೊಟ್ಟರು. ಮಧ್ಯಾಹ್ನದ ತರಗತಿಯ ಗಂಟೆ ಹೊಡೆಯುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಅತ್ತೆ ಮರುವರ್ಷ ತೀರಿಕೊಂಡರು. ಅದಾದ ಒಂದೆರಡು ವಾರಕ್ಕೆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥೆಯಾಗುವ ಸರದಿ ಅವಳಿಗೆ ಬಂತು. ಬೇಡ ಅಂದಳು. ಆ ಸ್ಥಾನಕ್ಕಾಗಿ ಒಳಗೊಳಗೇ ಕಾದಾಡುತ್ತಿದ್ದ ಇಬ್ಬರಿಗೂ ಆಶ್ಚರ್ಯವಾಯಿತು, ಏನೋ ಲೆಕ್ಕಾಚಾರ ಇರಬೇಕು ಅಂತ ಇಬ್ಬರೂ ಅನುಮಾನಪಟ್ಟರು. ಲೆಕ್ಕಾಚಾರ ಏನೂ ಇರಲಿಲ್ಲ. ಮೊದಲ ವರ್ಷದವರ ಪ್ರಾಕ್ಟಿಕಲ್ ತರಗತಿಯನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಪ್ರೊಫೆಸರುಗಳು ಯಾರೂ ಅದನ್ನು ತೆಗೆದುಕೊಳ್ಳುವುದಿಲ್ಲ. ಕಾಲು ನೋಯುತ್ತದೆ, ಈಗ ನಡುವೆ ನಡುವೆ ಸ್ಟೂಲಿನ ಮೇಲೆ ಕೂರುತ್ತಾಳೆ.

ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು, "ಅಮ್ಮ, ಇಷ್ಟೆಲ್ಲ ಒದ್ದಾಡಿದ್ದಕ್ಕೆ ಸಾರ್ಥಕ ಅನ್ಸುತ್ತಾ?"

ಅಡುಗೆಮನೆಯಲ್ಲಿ ಗಂಡ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಗೊತ್ತಿಲ್ಲಮ್ಮ," ಅಂದಳು. "ಕೆಲಸ ಇಷ್ಟ. ಅದರ ಸುತ್ತ ಇದ್ದಿದ್ದು ಸುಸ್ತು ಮಾಡ್ತು. ಎರಡನ್ನೂ ಬೇರೆ ಬೇರೆ ಮಾಡೋಕೆ ನನಗೆ ಆಗಲಿಲ್ಲ." ಆಮೇಲೆ ಮಗಳು ಬಿಡಿಸುತ್ತಿದ್ದ ಹೊಸ ಕಟ್ಟಡ ಎಲ್ಲಿಗೆ ಬಂತು ಅಂತ ಕೇಳಿದಳು. ಮಗಳು ಹೇಳುತ್ತಾ ಹೋದಳು. ಅವಳು ಕಾಲು ನೀಡಿ, ಗೋಡೆಗೆ ಒರಗಿ, ಹೂಂ ಹೂಂ ಅನ್ನುತ್ತ ಕೇಳಿದಳು.